ಇನ್ನೊಬ್ಬರ ಮನೆಯ ವಿಳಾಸ

ನನ್ನ ಡೈರಿಯನ್ನು ನಾನು ಎರಡೂ ಕಡೆಯಿಂದ ಬರೆಯುತ್ತೇನೆ. ಮುಂದಿನಿಂದ ಕೆಲಸದ ಲೆಕ್ಕ: ಯಾವ ದಿನ ಯಾವ ಊರಿಗೆ ಹೋದೆ, ಎಷ್ಟು ಜನರ ರಕ್ತ ತೆಗೆದೆ. ಹಿಂದಿನಿಂದ ಚಾಚಿ ನನಗೆ ಊಟದ ತಾಟು ಕೊಟ್ಟ ಲೆಕ್ಕ: ನಾಲ್ಕು ಉದ್ದ ಗೆರೆ, ಐದನೆಯದು ಅಡ್ಡ. ಒಂದಲ್ಲ ಒಂದು ದಿನ ತೀರಿಸಬೇಕೆಂದು ಈ ಗೆರೆಗಳನ್ನು ಎಳೆಯಲು ಶುರು ಮಾಡಿದ್ದೆ. ಅರವತ್ತನಾಲ್ಕು ಗೆರೆಗಳಾದ ಮೇಲೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಾಚಿ ಎಂದರೆ ಸಿಂದಗಿಯಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟವರು. ಗಂಡ ತೀರಿಕೊಂಡಿದ್ದಾರೆ. ಹಳೆಯ ಸೀರೆಗಳನ್ನು ಪದರ ಪದರ ಜೋಡಿಸಿ ಕೌದಿ ಹೊಲಿಯುತ್ತಾರೆ. ನನ್ನ ಊರು ಗಡಿಯ ಆಚೆ, ಅಕ್ಕಲಕೋಟೆಯ ಕಡೆಯ ಒಂದು ಹಳ್ಳಿ. ಮನೆಯಲ್ಲಿ ಮಾತು ಕನ್ನಡ, ಕಾಗದಗಳೆಲ್ಲ ಮಹಾರಾಷ್ಟ್ರದವು. ಸಿಂದಗಿಯ ಒಂದು ಖಾಸಗಿ ರಕ್ತ ಪರೀಕ್ಷಾ ಕೇಂದ್ರದಲ್ಲಿ ಕೆಲಸ ಸಿಕ್ಕಿತೆಂದು ಬಂದೆ.

ಕೋಣೆಗೆ ಬಂದ ಮೊದಲ ದಿನ ಅವ್ವ ಫೋನಿನಲ್ಲಿ ಕೇಳಿದಳು, “ನಮ್ಮವರ ಮನೀನ ಹೌದಿಲ್ಲೊ?”

“ಹೌದು,” ಎಂದೆ.

ಆ ದಿನದ ಪುಟದಲ್ಲಿ ನಳಕ್ಕೆ ನೀರು ಬರುವ ಹೊತ್ತು ಬರೆದಿದ್ದೇನೆ, ಕೋಣೆಯ ಉದ್ದ ಅಗಲ ಬರೆದಿದ್ದೇನೆ. ಆ “ಹೌದು” ಮಾತ್ರ ಬರೆದಿಲ್ಲ.

ಜೂನ್ ತಿಂಗಳಲ್ಲಿ ನನಗೆ ದೇವಣಗಾಂವದ ಕಡೆಯ ಹಳ್ಳಿಗಳ ಕೆಲಸ ಕೊಟ್ಟರು. ಬಸ್ಸು ಕಾದು ರಕ್ತದ ಬಾಟಲಿಗಳನ್ನು ಹೊತ್ತಿಗೆ ಸರಿಯಾಗಿ ತರಲು ಆಗುತ್ತಿರಲಿಲ್ಲ. ಸ್ಕೂಟಿ ತೆಗೆದುಕೊಳ್ಳುವುದೆಂದು ನಿಶ್ಚಯಿಸಿ ಅಂಗಡಿಗೆ ಹೋದೆ. ಅಲ್ಲಿ ಕಾಗದ ನೋಡುವವರು ನನ್ನ ಆಧಾರ್ ಕಾರ್ಡನ್ನು ತಿರುಗಿಸಿ ನೋಡಿದರು.

“ಮೇಡಂ, ಇದು ಮಹಾರಾಷ್ಟ್ರದ್ದೈತ್ರಿ. ಇದರ ಮ್ಯಾಲ ಇಲ್ಲಿ ನಂಬರ್ ಬರಂಗಿಲ್ಲ. ಗಾಡಿ ಯಾರ ಮನಿ ಮುಂದ ನಿಂದ್ರತೈತಿ, ಅವರ ಬಾಡಿಗಿ ಕರಾರು ತರ್ರಿ. ಮಾಲಕರ ಆಧಾರ್ ಝೆರಾಕ್ಸು, ಲೈಟ್ ಬಿಲ್ಲು. ಲೈಸೆನ್ಸಿಗೂ ಅದ ನಡೀತೈತಿ.”

ಡೈರಿಯಲ್ಲಿ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಚಿಕ್ಕ ಚೌಕ ಬರೆದೆ. ಮನೆಗೆ ಬಂದು ಹೇಳಿದಾಗ ಚಾಚಿ ಸೂಜಿ ನಿಲ್ಲಿಸಲೂ ಇಲ್ಲ.

“ಲೈಟ್ ಬಿಲ್ಲು ಡಬ್ಬಿಯೊಳಗ ಐತಿ, ತಗೊ. ಆಧಾರಾನೂ ಒಯ್ಯಿ. ಖರೆ ಅದರಾಗಿನ ನನ್ನ ಫೋಟೊ ನೋಡಿದ್ರ ಗಾಡಿ ಕೊಡೂದು ದೂರ ಉಳೀತು, ಪೊಲೀಸರನ್ನ ಕರೀತಾರ ನೋಡು ಬೇಟಾ!”

ಇಬ್ಬರೂ ನಕ್ಕೆವು. ನಗುತ್ತಿರುವಾಗಲೇ ನನಗೆ ಅಪ್ಪನ ನೆನಪಾಯಿತು. ಮಹಾನವಮಿಯ ಖಂಡೇ ಪೂಜೆಗೆ ಬಂದು ಗಾಡಿಗೆ ಕಾಯಿ ಒಡೆಯುತ್ತೇನೆ ಎಂದಿದ್ದ. ಅಪ್ಪ ಯಾವ ಕಾಗದ ಕೈಗೆ ಬಂದರೂ ಚಾಳೀಸು ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದುವವನು. ಗಾಡಿಯ ನೋಂದಣಿ ಕಾರ್ಡಿನಲ್ಲಿ ‘ಕೇರ್ ಆಫ್’ ಎಂದು ಚಾಚಿಯ ಹೆಸರು ಇದ್ದರೆ ಅದನ್ನೂ ಓದುತ್ತಾನೆ.

“ಬ್ಯಾಡ್ರಿ ಚಾಚಿ,” ಎಂದೆ. “ನಮ್ಮ ಆಫೀಸಿನ ಪತ್ರ ನಡೀತೈತಂತ.”

“ನಡದ್ರ ಚಲೋನ ಆತು,” ಎಂದರು.

ಮರುದಿನ ನನ್ನ ಜೊತೆ ಕೆಲಸ ಮಾಡುವ ಅಕ್ಕನನ್ನು ಕೇಳಿದೆ. ಅವರು ನಮ್ಮ ಪೈಕಿಯವರು, ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಇದೆ. ನಾನು ಅವರ ಬಾಡಿಗೆದಾರಳೆಂದು ಒಂದು ಕರಾರು ಬರೆದುಕೊಡಬೇಕಿತ್ತು.

“ಬರೇ ಕಾಗದ ಹೌದಲ್ಲ, ನಮ್ಮನಿಯವರು ಸಹಿ ಮಾಡ್ತಾರ ಬಿಡು,” ಎಂದರು ಅಕ್ಕ. ಆಮೇಲೆ ಕೇಳಿದರು, “ಅಲ್ಲ, ನೀ ಇರೂ ಮನಿಯಾಕಿ ಯಾಕ ಕೊಡವಲ್ಲಳು?”

ಕಾರಣ ಹೇಳಲು ನಾಚಿಕೆಯಾಯಿತು. ಅದಕ್ಕಿಂತ ನಾಚಿಕೆಗೇಡಿನದನ್ನು ಮಾಡಿದೆ. “ಕೊಡೂದಿಲ್ಲಂತ್ರಿ,” ಎಂದೆ.

“ಅವರ ಮಂದಿ ಹಂಗ ತಗೊ,” ಎಂದರು ಅಕ್ಕ. ನಾನು ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದೆ. ಆ ಮಾತಿನ ನಂತರ ಹನ್ನೊಂದು ಚೀಟಿ ಅಂಟಿಸಿದೆ.

ಕರಾರು ಆಯಿತು. ಪಟ್ಟಿಯ ಚೌಕಗಳಲ್ಲೆಲ್ಲ ಗುರುತು ಹಾಕಿದೆ. ಲೈಸೆನ್ಸಿಗೆಂದು ವಿಜಯಪುರಕ್ಕೆ ನಾಲ್ಕು ಸಲ ಹೋಗಿಬಂದೆ. ಗಾಡಿ ಓಡಿಸಿ ತೋರಿಸಬೇಕಾದ ದಿನ ಬೆಳಿಗ್ಗೆ ಚಾಚಿ ಬಾಗಿಲಲ್ಲಿ ನಿಲ್ಲಿಸಿ ಬಾಯಿಗೆ ಸಕ್ಕರೆ ಹಾಕಿದರು. ಗಾಡಿ ಬಂದ ಮೇಲೆ ಅದಕ್ಕೆ ಬಿಸಿಲು ತಾಗಬಾರದೆಂದು ಒಂದು ಹಳೇ ಕೌದಿ ಹೊದಿಸಿದರು. ಅಂಗಳದಲ್ಲಿ ಅವರ ಕೌದಿಯ ಕೆಳಗೆ ಗಾಡಿ ನಿಂತಿರುತ್ತಿತ್ತು, ಕಾಗದದಲ್ಲಿ ಅದು ಹೊಸ ಬಡಾವಣೆಯಲ್ಲಿತ್ತು.

ಗಾಡಿಯ ಕಾರ್ಡು ಅಂಚೆಯಲ್ಲಿ ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಬಂದರೆ ಅಕ್ಕ ತಂದುಕೊಡುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಅದು ಬಂದ ಶನಿವಾರ ಅಕ್ಕ ಮನೆಮಂದಿಯೊಂದಿಗೆ ತವರಿಗೆ, ಮುದ್ದೇಬಿಹಾಳಕ್ಕೆ ಹೋಗಿದ್ದರು. ಮಧ್ಯಾಹ್ನ ಚಾಚಿಯ ಅಂಗಳದಲ್ಲಿ ಸೈಕಲ್ ಗಂಟೆ ಕೇಳಿತು. ಸರ್ಕಾರಿ ಕೆಲಸದ ಪರೀಕ್ಷೆಗೆಂದು ನಾನು ತರಿಸುವ ಪುಸ್ತಕಗಳನ್ನು ತಂದುಕೊಡುವ ಅಂಚೆಯವರೇ.

“ಏನ್ ಮೇಡಂ, ಹೊಸ ಬಡಾವಣಿಗಿ ಹೋದ್ರ ಮನೀಗಿ ಕೀಲಿ. ಬಾಜೂ ಮನಿಯವರು ಇಂಥಾ ಹೆಸರಿನವರು ಇಲ್ಲೇ ಇಲ್ಲ ಅಂದ್ರು. ವಾಪಸ್ ಕಳಸಾಂವ ಇದ್ದೆ, ಅಷ್ಟರಾಗ ಹೆಸರು ನೋಡಿದೆ. ಅಯ್ಯ, ಇವರು ನಮ್ಮ ಪುಸ್ತಕದ ಮೇಡಂ ಅಲ್ಲೇನು! ಊಟ ಬಿಟ್ಟು ಬಂದೀನ್ರಿ.”

ಚಾಚಿ ಕಟ್ಟೆಯ ಮೇಲೆ ಕೌದಿ ಹರಡಿಕೊಂಡು ಕುಳಿತಿದ್ದರು. “ಯಾವ ಬಡಾವಣಿ?” ಎಂದು ಕೇಳಿದರು.

ಅಂಚೆಯವರು ಲಕೋಟೆ ತಿರುಗಿಸಿ ಗಟ್ಟಿಯಾಗಿ ಓದಿದರು. ನನ್ನ ಹೆಸರು, ಕೇರ್ ಆಫ್ ಎಂದು ಅಕ್ಕನ ಗಂಡನ ಹೆಸರು, ಮನೆ ನಂಬರು, ಬಡಾವಣೆ, ಸಿಂದಗಿ. ನಾನು ಕೈ ಮುಂದೆ ಮಾಡಿ ನಿಂತಿದ್ದೆ. ಅವರು ಕೊಡಲಿಲ್ಲ.

“ಗುರುತಿಂದು ಏನರ ತೋರಸ್ರಿ.”

ಆಧಾರ್ ತಂದುಕೊಟ್ಟೆ. ಅವರು ಅದನ್ನೂ ಲಕೋಟೆಯನ್ನೂ ಪಕ್ಕಪಕ್ಕ ಹಿಡಿದು ನಕ್ಕರು. “ಲಕೋಟಿ ಮ್ಯಾಲ ಒಂದು ಮನಿ, ಕಾರ್ಡಿನ್ಯಾಗ ಒಂದು ಮನಿ, ನೀವು ನಿಂತಿದ್ದು ಮೂರನೇ ಮನಿ. ಯಾವ ಮೇಡಂಗ ಕೊಡ್ಲಿರಿ ಇದನ್ನ? ಈ ಹೆಸರಿನವರು ಇವರ ಅಂತ ಯಾರರ ಬರದು ಕೊಡಬೇಕ್ರಿ.”

ಚಾಚಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಎದ್ದು ಬಂದರು.

“ನಾ ಕೊಡ್ತೇನಿ. ಹದಿಮೂರು ತಿಂಗಳಾತು ಈಕಿ ನಮ್ಮ ಮನ್ಯಾಗ ಅದಾಳ. ಎಲ್ಲಿ ಸಹಿ ಮಾಡ್ಲಿ?”

ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಅದರ ಕೆಳಗೆ ಓಣಿ, ಮನೆ ನಂಬರು ಬರೆಯತೊಡಗಿದರು.

“ವಿಳಾಸ ಬ್ಯಾಡ್ರಿ ಚಾಚಿ, ಸಹಿ ಸಾಕು,” ಎಂದರು ಅಂಚೆಯವರು.

“ಇರ್ಲಿ ತಗೊ. ನಂದು ಖರೇ ವಿಳಾಸ.”

ನನ್ನ ಕಡೆ ನೋಡಲಿಲ್ಲ. ಅಂಚೆಯವರಿಗೆ ಕುಡಿಯಲು ನೀರು ತಂದುಕೊಟ್ಟು, ಮತ್ತೆ ಹೋಗಿ ಸೂಜಿ ಹಿಡಿದರು. ನಾನು ಲಕೋಟೆ ಹಿಡಿದು ಕೋಣೆಯೊಳಗೆ ಬಂದೆ. ಡೈರಿ ತೆಗೆದು ನೋಡಿದೆ. ಹದಿಮೂರು ತಿಂಗಳಿಗೆ ಆರು ದಿನ ಕಡಿಮೆ ಇತ್ತು. ಅವರು ನನ್ನ ಹಾಗೆ ಬರೆದಿಟ್ಟವರಲ್ಲ.

ಎರಡು ವಾರ ತಾಟು ಬರಲಿಲ್ಲ. ನನಗೆ ಒಂದು ಬಗೆಯ ಸಮಾಧಾನವಾಯಿತು, ಶಿಕ್ಷೆ ಇಷ್ಟೇ ಎಂದುಕೊಂಡೆ. ಮೂರನೆಯ ವಾರ ಒಂದು ದಿನ ರೊಟ್ಟಿ, ಪುಂಡಿಪಲ್ಯ ಬಂತು. ಕಿಟಕಿಯ ಕಟ್ಟೆಯ ಮೇಲೆ ಯಾವಾಗಲೂ ಇಡುವ ಜಾಗದಲ್ಲೇ ಇಟ್ಟು ಹೋಗಿದ್ದರು. ಅರವತ್ತೈದನೆಯ ಗೆರೆ ಎಳೆಯಲು ಪೆನ್ನು ತೆಗೆದೆ, ಆಗಲಿಲ್ಲ. ತಾಟನ್ನು ಹಾಗೇ ಹಿಡಿದುಕೊಂಡು ಅವರ ಮುಂದೆ ಹೋಗಿ ಕುಳಿತು ಎಲ್ಲವನ್ನೂ ಹೇಳಿದೆ. ಅವ್ವನಿಗೆ ಹೇಳಿದ್ದು, ಅಪ್ಪನ ಹೆದರಿಕೆ, ಆಫೀಸಿನ ಪತ್ರ ಎಂದು ಸುಳ್ಳು ಹೇಳಿದ್ದು. ಕೊನೆಗೆ, ಅಕ್ಕನ ಮುಂದೆ ಹೇಳಿದ್ದು.

ಚಾಚಿ ದಾರ ಪೋಣಿಸುತ್ತಿದ್ದರು. ಎರಡು ಸಲ ತಪ್ಪಿತು.

“ಅಪ್ಪಗ ಅಂಜಿದ್ದು ತಿಳೀತೈತಿ,” ಎಂದರು. “ನಾ ಕೊಡೂದಿಲ್ಲ ಅಂದೆ ಅಂತ ಹೇಳಿದೆಲ್ಲ, ಅದು ತಿಳಿಯೂದಿಲ್ಲ ನನಗ.”

ಎದ್ದು ಹೋಗಿ ಡಬ್ಬಿಯಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದೆ ಇಟ್ಟರು. ಲೈಟ್ ಬಿಲ್ಲು, ಅವರ ಆಧಾರಿನ ಎರಡು ಝೆರಾಕ್ಸು.

“ನೀ ಬ್ಯಾಡ ಅಂದ ಮರುದಿನ ಮಾಡಿಸಿಟ್ಟೆ. ಆಫೀಸಿನ ಪತ್ರ ನಡೀಲಿಲ್ಲಂದ್ರ ಮತ್ತ ಓಡ್ಯಾಡಬಾರದು ಈಕಿ ಅಂತ.”

ಬಿಲ್ಲು ಜೂನ್ ತಿಂಗಳದು. ಈಗ ಅದು ನಡೆಯುವುದಿಲ್ಲ, ಹೊಸದು ಬೇಕು. ಚೀಲವನ್ನು ಹಾಗೇ ಮಡಚಿ ಇಟ್ಟುಕೊಂಡೆ.

ಮರುದಿನ ಅಕ್ಕನಿಗೆ ಹೇಳಿದೆ, ಚಾಚಿ ತಾವೇ ಕಾಗದ ಕೊಡಲು ಬಂದಿದ್ದರು, ನಾನೇ ಸುಳ್ಳು ಹೇಳಿದೆ ಎಂದು. “ಮತ್ತ ಅವರ ಮಂದಿ ಹಂಗ ಅಂತ ನನ್ನ ಬಾಯಿಲೆ ಯಾಕ ಅನಿಸಿದಿ?” ಎಂದರು ಅಕ್ಕ.

ಭಾನುವಾರ ಅವ್ವನಿಗೆ ಫೋನ್ ಮಾಡಿದೆ. “ಅವ್ವಾ, ನಾ ಇರೂ ಮನಿ ನಮ್ಮವರದಲ್ಲ,” ಎಂದು ಮೊದಲ ಮಾತಿಗೇ ಹೇಳಿಬಿಟ್ಟೆ. ಆ ಕಡೆ ಕುಕ್ಕರ್ ಮೂರು ಸಲ ಕೂಗಿತು.

“ಅಲ್ಲೇ ಉಣ್ಣತಿಯೇನು?”

“ಉಣ್ತೇನಿ.”

“ಅಪ್ಪಗ ನಾ ಹೇಳ್ತೇನಿ. ನೀ ಹೇಳಬ್ಯಾಡ,” ಎಂದು ಫೋನ್ ಇಟ್ಟಳು. ಖಂಡೇ ಪೂಜೆಗೆ ಅಪ್ಪ ಬರಲಿಲ್ಲ. ಹೊಲದ ಕೆಲಸ ಐತಿ ಎಂದು ಅವ್ವನೇ ತಿಳಿಸಿದಳು.

ಹೊಸ ಲೈಟ್ ಬಿಲ್ಲು ಬಂದ ದಿನವೇ ವಿಳಾಸ ಬದಲಿಸುವ ಅರ್ಜಿ ತುಂಬಿದೆ. ಹೊಸ ಕರಾರಿಗೆ ಚಾಚಿಯ ಸಹಿ ಬೇಕಿತ್ತು. ಕೇಳಿದಾಗ ಇಲ್ಲ ಎನ್ನಲಿಲ್ಲ. ನೋಟರಿಯ ಹತ್ತಿರ ಟೈಪು ಮಾಡುವವರು, “ಯಾವತ್ತಿಂದ ಇರ್ತಾರ್ರಿ ಇವರು?” ಎಂದು ಚಾಚಿಯನ್ನು ಕೇಳಿದರು. ಚಾಚಿ ನನ್ನ ಕಡೆ ಕೈ ಮಾಡಿ, “ಆಕೀನ ಕೇಳ್ರಿ, ಆಕಿ ಬರದಿಟ್ಟಿರ್ತಾಳ,” ಎಂದರು. ತಾರೀಖು ಹೇಳಿದೆ. ಈ ಸಲ ಸರಿಯಾದದ್ದನ್ನೇ.

ಹೊರಗೆ ಬಂದು ಗಾಡಿಯ ಸೀಟು ಒರೆಸಿದೆ. “ಕುಂದರ್ರಿ ಚಾಚಿ.”

“ನೀ ನಡಿ. ನಾ ಸಂತಿ ಮಾಡ್ಕೊಂಡು ನಡಕೋತ ಬರ್ತೇನಿ.”

ಅವರ ಕೈಯಲ್ಲಿ ಚೀಲ ಇರಲಿಲ್ಲ. ಸಂತೆಯ ದಿನವೂ ಅಲ್ಲ. ನಾನು ಗಾಡಿ ಚಾಲೂ ಮಾಡಲಿಲ್ಲ. ಅದನ್ನು ತಳ್ಳಿಕೊಂಡು, ಮನೆಯವರೆಗೂ ಅವರ ಹಿಂದೆ ನಡೆದೆ.