ಕಲ್ಲಿದ್ದಲ ಊರಿನ ಧಾರೆ ಸೀರೆ

ಕಳೆದ ವಾರ ಮಗಳು ನನ್ನ ಹಳೆಯ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆ ಇಡೀ ಕೋಣೆಗೆ ಹರಡಿತು. ಬಹರೈನಿನಿಂದ ಬರುವಾಗ ತಂದ ಟ್ರಂಕು ಅದು. ಮಂಗಳೂರಿನ ಈ ಫ್ಲಾಟಿಗೆ ಬಂದು ಇಷ್ಟು ವರ್ಷವಾದರೂ ಅದರ ತಳದಲ್ಲಿರುವುದನ್ನು ನಾನು ಹೊರಗೆ ತೆಗೆದವಳಲ್ಲ. ಮಗಳು ತೆಗೆದಳು. ಕೆಂಪು ಸೀರೆ, ಹಸಿರು ಅಂಚು, ಅಂಗಡಿಯವನು ಹಾಕಿಕೊಟ್ಟ ಮಡಿಕೆ ಹಾಗೆಯೇ ಇದೆ. "ಮಮ್ಮಿ, ಇದು ಯಾರದ್ದು? ಒಂದು ಸಲವೂ ಉಟ್ಟೇ ಇಲ್ವಲ್ಲ" ಎಂದಳು. ನಾನು ಕಿಟಕಿ ತೆರೆಯಲು ಹೋದೆ.

ನುಸಿಗುಳಿಗೆಯನ್ನು ಕಲ್ಲಿದ್ದಲಿನ ಡಾಂಬರಿನಿಂದ ಮಾಡುತ್ತಾರಂತೆ. ಇದನ್ನು ನನಗೆ ಹೇಳಿದ್ದು ಬಹರೈನಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಅಕ್ಕ. ಒಂದು ಗುಳಿಗೆಯನ್ನು ಮೂಗಿನ ಹತ್ತಿರ ಹಿಡಿದು, ಬೇರೆಯವರು ಮಲ್ಲಿಗೆ ಮೂಸುವ ಹಾಗೆ ಮೂಸಿ, ಇದು ನಮ್ಮೂರಿನ ವಾಸನೆ ಎಂದಿದ್ದರು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ನರ್ಸ್ ಆಗಿ ಅಲ್ಲಿನ ಸಲ್ಮಾನಿಯಾದ ಆಸ್ಪತ್ರೆಗೆ ಸೇರಿದೆ. ಮನಾಮದ ಒಂದು ಓಣಿಯಲ್ಲಿ ಎರಡಂತಸ್ತಿನ ಹಳೆಯ ಕಟ್ಟಡ. ಮೇಲೆ ನಾನು ಮತ್ತು ನನ್ನ ಗಂಡ, ಕೆಳಗೆ ಅಕ್ಕ ಮತ್ತು ಭಾವ. ಭಾವ ಹಡಗು ರಿಪೇರಿಯ ಯಾರ್ಡಿನಲ್ಲಿ ಫಿಟ್ಟರ್. ಅಕ್ಕ ಮನೆಯಲ್ಲೇ ಅಡುಗೆ ಮಾಡಿ ಊರಿನ ಬ್ಯಾಚುಲರ್ ಹುಡುಗರಿಗೆ ಬುತ್ತಿ ಕೊಡುತ್ತಿದ್ದರು. ನಮ್ಮದು ಮನೆಯಲ್ಲಿ ಕೊಂಕಣಿ, ಅವರದ್ದು ತುಳು. ನನ್ನ ತುಳು ಕೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರ ತುಳುವೇನು ಕಮ್ಮಿಯೇ? ಅರ್ಧ ಹಿಂದಿ. ಹಾಗಾಗಿ ನಮ್ಮಿಬ್ಬರ ಮಾತು ಕನ್ನಡದಲ್ಲೇ ನಡೆಯುತ್ತಿತ್ತು. ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ಬಾಯಮ್ಮ ಎನ್ನುತ್ತಿದ್ದರು, ನಾನು ಅವರಿಗಿಂತ ಹತ್ತು ವರ್ಷ ಸಣ್ಣವಳಾದರೂ.

ಹುಟ್ಟೂರು ಯಾವುದು ಎಂದರೆ ಕಾರ್ಕಳದ ಹತ್ತಿರ ಎನ್ನುತ್ತಿದ್ದರು. ಆದರೆ "ನಮ್ಮೂರು" ಎಂದರೆ ಅದಲ್ಲ. ಅದು ನಾಗಪುರದಿಂದ ಆಚೆ, ಕಾಡಿನ ನಡುವಿನ ಒಂದು ಕಲ್ಲಿದ್ದಲ ಗಣಿ. ಬ್ರಿಟಿಷರ ಕಾಲದ್ದು. ಅಕ್ಕನ ಅಪ್ಪ ಕಾರ್ಕಳದಿಂದ ಹೊರಟು ಎಲ್ಲೆಲ್ಲೋ ಪಾತ್ರೆ ತೊಳೆದು ಕೊನೆಗೆ ಆ ಗಣಿಯ ಬಾವಿಯ ಎದುರು ಒಂದು ಹೋಟೆಲು ಹಾಕಿದ್ದರು. ಗಣಿಯೊಳಗೆ ಇಳಿಯುವ ಆಳವಾದ ಗುಂಡಿಗೆ ಅವರು ಬಾವಿ ಎಂದೇ ಹೇಳುತ್ತಿದ್ದದ್ದು, ನೀರು ಸೇದುವ ಬಾವಿಯ ಹಾಗೆ.

ಆ ಊರಿನ ಕಥೆಗಳು ಅಕ್ಕನ ಬಾಯಲ್ಲಿ ಮುಗಿಯುತ್ತಲೇ ಇರಲಿಲ್ಲ. ಸೈರನ್ ಕೂಗಿದರೆ ಪಾಳಿ ಬದಲು. ಮೇಲೆ ಬಂದವರ ಮುಖದಲ್ಲಿ ಕಣ್ಣು ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ, ಅಪ್ಪ ದನಿ ಕೇಳಿಯೇ ಯಾರೆಂದು ತಿಳಿದು ಚಹಾ ಕೊಡುತ್ತಿದ್ದರು. ಮುಚ್ಚಳ ಹಾಕದೆ ಮೊಸರಿಟ್ಟರೆ ಬೂದಿ ಬಣ್ಣದ ಕೆನೆ ಕಟ್ಟುತ್ತಿತ್ತು. ಸಂಜೆ ಸಾಲುಮನೆಗಳ ಎದುರು ಎಲ್ಲರೂ ಒಟ್ಟಿಗೆ ಕಲ್ಲಿದ್ದಲ ಒಲೆ, ಅವರ ಮಾತಿನಲ್ಲಿ ಸಿಗಡಿ, ಹೊತ್ತಿಸುವಾಗ ಎಷ್ಟು ಹೊಗೆ ಎಂದರೆ, ತಾಯಂದಿರು ಮಕ್ಕಳನ್ನು ಕೂಗಿ ಕೂಗಿಯೇ ಹುಡುಕಬೇಕು. ಕೇಳುವವರಿಗೆ ನರಕ ಅನಿಸಬಹುದು. ಅಕ್ಕ ಮಾತ್ರ ತವರುಮನೆಯ ತೋಟದ ಬಗ್ಗೆ ಹೇಳುವವರ ಹಾಗೆ ಹೇಳುತ್ತಿದ್ದರು. ಬಹರೈನಿನ ನಮ್ಮ ತಾರಸಿಯ ಮೇಲೂ ಒಂದು ಸಿಗಡಿ ಇಟ್ಟುಕೊಂಡಿದ್ದರು. ಮೀನು ಸುಡಲಿಕ್ಕೆ ಎಂದು ನೆಪ. ಮೀನಿಲ್ಲದ ದಿನವೂ ಅದು ಹೊಗೆಯಾಡುತ್ತಿತ್ತು.

ಅವರಿಗೆ ಒಬ್ಬ ತಮ್ಮನಿದ್ದ. ಹೋಟೆಲಿನ ಗಲ್ಲೆಯಲ್ಲಿ ಕೂರು ಎಂದು ಅಪ್ಪ ಎಷ್ಟು ಹೇಳಿದರೂ ಕೇಳದೆ ಗಣಿಗೆ ಸೇರಿದ. ಕೆಳಗೆ ನೀರು ಎತ್ತುವ ಪಂಪು ನೋಡಿಕೊಳ್ಳುವ ಕೆಲಸ. ಒಂದು ಮಧ್ಯಾಹ್ನ ಪಕ್ಕದ ಹಳೆಯ ಸುರಂಗದಲ್ಲಿ ನಿಂತಿದ್ದ ನೀರು ಗೋಡೆ ಒಡೆದು ಒಳಗೆ ನುಗ್ಗಿತು. ಮೇಲಿನ ಹಂತದಲ್ಲಿದ್ದವರು ಓಡಿ ಹೊರಗೆ ಬಂದರು. ಪಂಪಿನ ಹತ್ತಿರ ಇದ್ದವರು ಬರಲಿಲ್ಲ. ಗಣಿಯ ಮಾಲೀಕರು ಕೆಲವು ವಾರ ನೀರು ಎತ್ತಿಸಿದರು, ಆಮೇಲೆ ನಷ್ಟವೆಂದು ನಿಲ್ಲಿಸಿದರು. ಗಣಿ ನಿಂತ ಮೇಲೆ ಅಲ್ಲಿ ಚಹಾ ಕುಡಿಯುವವರು ಯಾರು? ಸಾಲುಮನೆಗಳು ಒಂದೊಂದಾಗಿ ಖಾಲಿಯಾದವು, ಅಕ್ಕನ ಅಪ್ಪನೂ ಹೋಟೆಲಿಗೆ ಬೀಗ ಹಾಕಿ ಕಾರ್ಕಳಕ್ಕೆ ಬಂದರು, ಹೆಚ್ಚು ದಿನ ಬದುಕಲಿಲ್ಲ.

ಅಕ್ಕ ಹುಚ್ಚಿಯಲ್ಲ. ತಮ್ಮ ಬದುಕಿದ್ದಾನೆ ಎಂದು ಅವರು ಒಂದು ದಿನವೂ ಹೇಳಿದ್ದಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಗುರುತು. ಒಂದು ಎಲುಬು, ಸೊಂಟದ ಬೆಲ್ಟು, ಟೊಪ್ಪಿಯ ದೀಪ... ಏನಾದರೊಂದು ಮೇಲೆ ಬರಬೇಕಿತ್ತು. ಅದು ಬರಬೇಕಾದರೆ ಯಾರಾದರೂ ಆ ನೀರು ಎತ್ತಬೇಕು. ಯಾರಾದರೂ ನೀರು ಎತ್ತಬೇಕಾದರೆ ಗಣಿ ಪುನಃ ಶುರುವಾಗಬೇಕು.

ನಾವು ಬಹರೈನಿನಲ್ಲಿದ್ದ ಆ ವರ್ಷಗಳಲ್ಲಿ ಕಚ್ಚಾ ಎಣ್ಣೆಯ ರೇಟು ಏರುತ್ತಲೇ ಇತ್ತು. ನಮ್ಮ ದೇಶದಲ್ಲಿ ಸರಕಾರ ಗಣಿಗಳನ್ನೆಲ್ಲ ವಹಿಸಿಕೊಂಡಿತ್ತು. ಎಣ್ಣೆ ದುಬಾರಿಯಾದ್ದರಿಂದ ಕಲ್ಲಿದ್ದಲಿಗೆ ಬೇಡಿಕೆ ಬಂದಿದೆ, ಮುಚ್ಚಿದ ಗಣಿಗಳನ್ನು ತೆರೆಯುತ್ತಿದ್ದಾರೆ ಎಂದು ನಾಗಪುರದಲ್ಲಿ ಹೋಟೆಲು ಇಟ್ಟಿದ್ದ ಅಕ್ಕನ ಚಿಕ್ಕಪ್ಪನ ಮಗ ಸುದ್ದಿ ಕಳುಹಿಸಿದ. ನಿಮ್ಮ ಬಾವಿಗೂ ಸರ್ವೆಯವರು ಬಂದು ಅಳತೆ ಮಾಡಿ ಹೋಗಿದ್ದಾರೆ ಎಂದ. ಅಷ್ಟು ಸಾಕಾಯಿತು. ಬುತ್ತಿ ಒಯ್ಯಲು ಬಂದ ಹುಡುಗರನ್ನೆಲ್ಲ ಅಕ್ಕ ಎಣ್ಣೆ ರೇಟು ಎಷ್ಟಾಯಿತೆಂದು ಕೇಳತೊಡಗಿದರು. ಬುಸೈತೀನಿನ ಯಾವುದೋ ವಿಲ್ಲಾದಲ್ಲಿ ಡ್ರೈವರ್ ಆಗಿದ್ದ ಒಬ್ಬ ತುಂಟ, ಅಕ್ಕನಿಗೆ ಹಿತ್ತಿಲಲ್ಲಿ ಸ್ವಂತ ಎಣ್ಣೆ ಬಾವಿ ಇದೆ ಎಂದು ಊರಿಡೀ ಹಬ್ಬಿಸಿದ. ಅಕ್ಕನೂ ನಕ್ಕರು. ರೇಟು ಕೇಳುವುದನ್ನು ಮಾತ್ರ ಬಿಡಲಿಲ್ಲ.

ಒಂದು ಶುಕ್ರವಾರ ನಾವೆಲ್ಲ ವ್ಯಾನಿನಲ್ಲಿ ರಿಫಾದ ಕಡೆ ಹೋಗಿದ್ದೆವು. ಮರುಭೂಮಿಯಲ್ಲಿ ಎಣ್ಣೆ ಎತ್ತುವ ಯಂತ್ರಗಳು ತಲೆ ಅಲ್ಲಾಡಿಸುತ್ತಿದ್ದವು, ದೂರದಲ್ಲಿ ಗ್ಯಾಸಿನ ಬೆಂಕಿ. ಅಕ್ಕ ಅದನ್ನೇ ನೋಡುತ್ತ ಮೆಲ್ಲಗೆ ಹೇಳಿದರು. "ಇಲ್ಲಿ ಯಾರೂ ಇಳಿಲಿಕ್ಕೇ ಇಲ್ಲ, ನೋಡು ಬಾಯಮ್ಮ. ಎಣ್ಣೆಯೇ ಮೇಲೆ ಬರ್ತದೆ."

ಈ ನಡುವೆ ಕಾರ್ಕಳದಲ್ಲಿ ಅವರ ಅಮ್ಮನಿಗೆ ಬೇರೆ ಚಿಂತೆ. ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮದುವೆಯಾಗದೆ ಸತ್ತವರಿಗೆ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಮದುವೆ ಮಾಡುವ ಕ್ರಮ ತುಳುನಾಡಿನಲ್ಲಿ ಇದೆ. ಸತ್ತ ಹುಡುಗನಿಗೆ ಸತ್ತ ಹುಡುಗಿ. ಕುಲೆ ಎಂದರೆ ಪ್ರೇತ, ಹಾಗಾಗಿ ಕುಲೆ ಮದುವೆ ಎನ್ನುತ್ತಾರೆ. ಬದುಕಿದ್ದರೆ ಈಗ ಇಷ್ಟು ವಯಸ್ಸು ಎಂದು ಲೆಕ್ಕ ಹಾಕಿ, ಗೋತ್ರದ ಹಾಗಿರುವ ಬಳಿ ನೋಡಿ, ಎರಡು ಮನೆಯವರು ಒಪ್ಪಿ, ಗಂಡಿನ ಕಡೆಯವರು ಧಾರೆ ಸೀರೆ ಒಯ್ದು, ಊಟ ಹಾಕಿಸಿ ಮಾಡುವ ಮದುವೆ. ಅಕ್ಕನ ಮನೆಯ ಕ್ರಮದಲ್ಲಿ ಮದುವೆಯಾಗದವನನ್ನು ಹಿರಿಯರ ಪಂಕ್ತಿಗೆ ಕರೆಯುವಂತಿಲ್ಲ. ಸತ್ತವರಿಗೆ ಎಲೆ ಹಾಕಿ ಬಡಿಸುವ ದಿನ ಅವನಿಗೆ ಎಲೆ ಇಲ್ಲ. ಅಮ್ಮ ಅವನಿಗೊಂದು ಹೆಣ್ಣು ನೋಡಿದ್ದರು. ಸಣ್ಣದರಲ್ಲಿ ಜ್ವರ ಬಂದು ತೀರಿಕೊಂಡ, ಹತ್ತಿರದ ಊರಿನ ಹುಡುಗಿ. ಆ ಮನೆಯವರಿಗೂ ಸಂಬಂಧ ಹಿಡಿಸಿತ್ತು. ಆದರೆ ಒಡಹುಟ್ಟಿದವಳು ಒಪ್ಪದೆ ಮುಂದುವರಿಯಬಾರದೆಂದು ಅಮ್ಮನ ಹಟ.

ಆಗ ಊರಿನಿಂದ ಪತ್ರಕ್ಕಿಂತ ಹೆಚ್ಚಾಗಿ ಕ್ಯಾಸೆಟ್ಟು ಬರುತ್ತಿತ್ತು. ಮನೆಯವರೆಲ್ಲ ಟೇಪ್ ರೆಕಾರ್ಡರಿನ ಎದುರು ಕೂತು ಸುಖದುಃಖ ಮಾತಾಡಿ, ಬರುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದರು. ಪ್ರತಿ ವರ್ಷ ಆಟಿಯ ಮೊದಲು ಅಮ್ಮನ ಕ್ಯಾಸೆಟ್ಟು. ಹಿನ್ನೆಲೆಯಲ್ಲಿ ಕೋಳಿ, ಬಸ್ಸಿನ ಹಾರ್ನು, ನಡುವೆ ಆ ಮುದುಕಿಯ ಗದ್ಗದ. ಒಪ್ಪಿಗೆ ಕೊಡು ಮಗಾ ಎನ್ನುತ್ತಿದ್ದರು. ಅಕ್ಕ ಪ್ರತಿ ವರ್ಷ ಅದೇ ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ಈ ವರ್ಷ ಬೇಡ ಎಂದು ಮಾತಾಡಿ ಕಳುಹಿಸುತ್ತಿದ್ದರು. ಬಾವಿ ತೆರೆಯಲಿ, ಅವನು ಹೇಗಿದ್ದಾನೋ ಹಾಗೆ ಮೇಲೆ ಬರಲಿ, ಆಮೇಲೆ ಉತ್ತರಕ್ರಿಯೆಯ ಬೊಜ್ಜವೂ ಮಾಡುವ, ಮದುವೆಯೂ ಮಾಡುವ... ನನಗೆ ಅಂದು ಇದು ಅರ್ಥವಾಗುತ್ತಿರಲಿಲ್ಲ. ನಾಲ್ಕು ಜನ ಸೇರಿ ಸತ್ತವನಿಗೆ ಮದುವೆ ಮಾಡಿದರೆ ಇವರಿಗೇನು ಕಷ್ಟ ಎನಿಸುತ್ತಿತ್ತು. ಅವರಿಗಿದ್ದ ಕಷ್ಟವೆಂದರೆ, ಆ ಮದುವೆಗೆ ಹೂಂ ಎಂದರೆ ಬಾವಿಯ ಮೇಲೆ ಅವರೇ ಕೈಯಾರೆ ಮುಚ್ಚಳ ಹಾಕಿದ ಹಾಗೆ.

ಎಂಬತ್ತರ ದಶಕದ ನಡುವಿನಲ್ಲಿ ಎಣ್ಣೆಯ ರೇಟು ಕುಸಿಯಿತು. ಓಣಿಯಲ್ಲಿ ಎಲ್ಲರ ಮುಖವೂ ಬಾಡಿತು. ಇವನ ಕಂಪನಿ ಖಲಾಸ್, ಅವನನ್ನು ಅವನ ಧಣಿ ಅರ್ಬಾಬ್ ಊರಿಗೆ ಕಳುಹಿಸಿದ, ಇದೇ ಮಾತು. ಭಾವನ ಯಾರ್ಡಿನಲ್ಲೂ ಕೆಲಸ ಕಡಿಮೆಯಾಯಿತು. ಅಕ್ಕ ಅಳುತ್ತಿದ್ದದ್ದು ಭಾವನ ಕೆಲಸಕ್ಕಲ್ಲ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಎಣ್ಣೆಯ ರೇಟಿಗೂ ಆ ಬಾವಿಗೂ ನಿಜವಾಗಿ ಏನು ಸಂಬಂಧವಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಇತ್ತು.

ಒಮ್ಮೆ ಅಲ್ಲಿಗೆ ಹೋಗಿ ನೋಡಿ ಬಾ ಎಂದು ಚಿಕ್ಕಪ್ಪನ ಮಗನಿಗೆ ಹೇಳಿ ಕಳುಹಿಸಿದರು. ಅವನು ಹೋಗಿ ಬಂದು ಕ್ಯಾಸೆಟ್ಟಿನಲ್ಲಿ ಮಾತಾಡಿದ. ಅದನ್ನು ಕೇಳುವಾಗ ಅಕ್ಕ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

"ಅಕ್ಕಾ, ಬಾವಿಗೆ ಬೂದಿ ಮಣ್ಣು ತುಂಬಿಸಿ ಮೇಲೆ ಸಿಮೆಂಟ್ ಹಾಕಿದ್ದಾರೆ. ಇನ್ನು ತೆರೆಯುದಿಲ್ಲಂತೆ. ಅದ್ರ ಮೇಲೆ ಯಾರೋ ಆಡು ಕಟ್ಟಿದ್ರು. ಸಾಲುಮನೆಯ ಬಾಗಿಲು, ಮಾಡಿನ ಶೀಟು, ಎಲ್ಲಾ ಕಿತ್ಕೊಂಡು ಹೋಗಿದ್ದಾರೆ. ನಮ್ಮ ಹೋಟೆಲು ಎಲ್ಲಿತ್ತೂಂತ ಗೊತ್ತಾಗ್ಲಿಲ್ಲ. ಹತ್ರದ ಹಳ್ಳಿಯವರಲ್ಲಿ ಕೇಳಿದೆ. ಅಲ್ಲಿ ಜನ ಸತ್ತದ್ದು ಅವರಿಗೂ ಗೊತ್ತಿಲ್ಲ."

ಅಕ್ಕ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿದರು. ಆಮೇಲೆ ಎದ್ದು ಹೋಗಿ ಬುತ್ತಿಯ ಪಾತ್ರೆಗಳನ್ನು ತೊಳೆದರು. ಕೈ ಒರೆಸಿಕೊಂಡು ಬಂದು, ಅಮ್ಮನಿಗೆ ಒಪ್ಪಿಗೆ ಹೇಳಿ ಕಳುಹಿಸುತ್ತೇನೆ, ಧಾರೆ ಸೀರೆ ತೆಗೆಯಲು ಸೂಕಿನ ಪೇಟೆಗೆ ಒಟ್ಟಿಗೆ ಬಾ ಎಂದರು.

ಮನಾಮದ ಸೂಕಿನಲ್ಲಿ ಒಬ್ಬ ಸಿಂಧಿಯ ಸೀರೆ ಅಂಗಡಿ ಇತ್ತು. ಗಂಟೆಗಟ್ಟಲೆ ನೋಡಿದೆವು. ಅಕ್ಕ ಯಾವುದನ್ನೂ ಬಿಡಲಿಲ್ಲ, ಬಣ್ಣ ಹೋಗುತ್ತದೆಯೇ, ಜರಿ ಕಪ್ಪಾಗುತ್ತದೆಯೇ ಎಂದೆಲ್ಲ ಕೇಳಿದರು. ಉಡುವವಳು ಯಾರೆಂದು ನನಗೆ ಗೊತ್ತಿತ್ತು. ಕೊನೆಗೆ ಈ ಕೆಂಪು ಸೀರೆ ಆರಿಸಿದರು. ಅಂಗಡಿಯವನು ಹಿಂದಿಯಲ್ಲಿ ಯಾರ ಮದುವೆ ಎಂದು ಕೇಳಿದ. "ಮೇರೆ ಭಾಯಿ ಕಾ" ಎಂದರು ಅಕ್ಕ. ತಡವರಿಸಲಿಲ್ಲ. ಅವನು ಕೈಮುಗಿದು ಮುಬಾರಕ್ ಹೇಳಿ, ಮದುಮಗಳಿಗೆ ನನ್ನ ಲೆಕ್ಕದಲ್ಲಿರಲಿ ಎಂದು ಒಂದು ರವಕೆ ಕಣವನ್ನೂ ಇಟ್ಟು ಕಟ್ಟಿಕೊಟ್ಟ. ಅವರ ತಮ್ಮನಿಗೆ ಶುಭ ಹಾರೈಸಿದ್ದು ಅವನೊಬ್ಬನೇ ಇರಬೇಕು.

ಸೀರೆಯನ್ನು ಊರಿಗೆ ಹೋಗುವವರ ಕೈಯಲ್ಲಿ ಕೊಡಬೇಕೆನ್ನುವಷ್ಟರಲ್ಲಿ ಅಮ್ಮನ ಕ್ಯಾಸೆಟ್ಟು ಬಂತು. ಹುಡುಗಿಯ ಮನೆಯವರು ಕಾದು ಕಾದು ಸಾಕಾಗಿ, ಹಿಂದಿನ ಆಟಿಯಲ್ಲೇ ಬೇರೆ ಕಡೆ ಮಾಡಿ ಮುಗಿಸಿದ್ದರು. ಸ್ಕೂಟರಿನಿಂದ ಬಿದ್ದು ತೀರಿಕೊಂಡ ಒಬ್ಬ ಹುಡುಗ, ಒಳ್ಳೆಯ ಮನೆತನ. ಮಗಳಿಗೆ ಬೇಸರವಾದೀತೆಂದು ಅಮ್ಮ ಅದನ್ನು ಅಷ್ಟು ದಿನ ಹೇಳಿರಲಿಲ್ಲ.

ಅಕ್ಕ ನಗತೊಡಗಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಸತ್ತವಳಿಗೂ ಕಾಯ್ಲಿಕ್ಕೆ ಆಗ್ಲಿಲ್ಲ, ಬಾಯಮ್ಮ" ಎಂದರು. ಆ ನಗುವನ್ನು ನಾನು ಮರೆತಿಲ್ಲ.

ಆಮೇಲೆ ಬೇರೆ ಹೆಣ್ಣು ಹುಡುಕಿದರು. ಒಂದು ಮನೆಯವರು ಬಳಿ ಕೂಡಿಬರುವುದಿಲ್ಲ ಎಂದರು. ಇನ್ನೊಂದು ಮನೆಯವರು, ಹೆಣ ಸಿಗಲಿಲ್ಲವೆಂದ ಮೇಲೆ ಹುಡುಗ ಸತ್ತದ್ದಕ್ಕೆ ಖಾತ್ರಿ ಏನು, ಬದುಕಿರುವವನಿಗೆ ನಮ್ಮ ಹುಡುಗಿಯನ್ನು ಹೇಗೆ ಕೊಡುವುದು ಎಂದು ಕೇಳಿದರಂತೆ. ಅಷ್ಟರಲ್ಲಿ ಅಮ್ಮನೂ ತೀರಿಕೊಂಡರು. ಆ ವರ್ಷದ ಆಟಿಯಲ್ಲಿ ಅಕ್ಕ ಬಹರೈನಿನ ಮನೆಯಲ್ಲೇ ಅಪ್ಪನಿಗೆ, ಅಮ್ಮನಿಗೆ ಎಲೆ ಹಾಕಿ ಕೋಳಿ ಸಾರು ಬಡಿಸಿದರು. ತಮ್ಮನಿಗೆ ಎಲೆ ಹಾಕುವಂತಿರಲಿಲ್ಲ. ಹೊಸ್ತಿಲ ಆಚೆ, ಎ.ಸಿ.ಯ ನೀರು ತೊಟ್ಟಿಕ್ಕುವಲ್ಲಿ, ಒಂದು ಗ್ಲಾಸು ಚಹಾ ಇಟ್ಟರು. ಅದು ಆರಿ ತಣ್ಣಗಾದ ಮೇಲೆ ಅವರೇ ತೆಗೆದು ಚೆಲ್ಲಿದರು.

ಭಾವನಿಗೆ ಕೆಲಸ ಹೋಗಿ ಅವರು ಹೊರಟ ದಿನ ಅಕ್ಕ ಸೀರೆಯ ಕಟ್ಟನ್ನು ನನ್ನ ಕೈಯಲ್ಲಿಟ್ಟರು. ಕುಲೆಗೆಂದು ತೆಗೆದ ಸೀರೆಯನ್ನು ತಮ್ಮವರು ಯಾರೂ ಮುಟ್ಟುವುದಿಲ್ಲ, ಬಿಸಾಡಲು ಮನಸ್ಸು ಬರುವುದಿಲ್ಲ, ನಿಮ್ಮಲ್ಲಿ ಹಾಗೇನಿಲ್ಲವಲ್ಲ ಎಂದರು. ನಮ್ಮಲ್ಲಿ ಹಾಗೇನಿಲ್ಲ ನಿಜ. ಆದರೂ ಅದನ್ನು ನಾನು ಹೇಗೆ ಉಡಲಿ?

ಕೆಲವು ವರ್ಷಗಳ ನಂತರ ಅಕ್ಕ ಹೋದ ಸುದ್ದಿ ಬಂತು. ಆಗ ನಾನೂ ಮಂಗಳೂರಿಗೆ ಬಂದಾಗಿತ್ತು. ನವೆಂಬರಿನಲ್ಲಿ ನಮ್ಮವರು ಸತ್ತವರನ್ನು ನೆನೆಯುವಾಗ ಚರ್ಚಿನ ಆಫೀಸಿಗೆ ಹೋಗಿ ಅಕ್ಕನಿಗೊಂದು ಬಲಿಪೂಜೆ ಬರೆಸಿದೆ. ಹಿಂದೂ ಹೆಸರು ಕೇಳಿ ಅಲ್ಲಿದ್ದವನು ತಲೆಯೆತ್ತಿ ನೋಡಿ ಬರೆದುಕೊಂಡ. ಅವರ ತಮ್ಮನಿಗೂ ಒಂದು ಎಂದೆ. ಹೆಸರು ಕೇಳಿದ. ಅಷ್ಟು ವರ್ಷ ಅವನ ಕಥೆ ಕೇಳಿದ್ದೆ. ಅಕ್ಕನ ಬಾಯಲ್ಲಿ ಅವನು ಯಾವತ್ತೂ ತಮ್ಮ. ಹೆಸರು ನಾನು ಕೇಳಿರಲೇ ಇಲ್ಲ, ಈಗ ಕೇಳೋಣವೆಂದರೆ ನನ್ನ ಪರಿಚಯದಲ್ಲಿ ಹೇಳುವವರು ಯಾರೂ ಉಳಿದಿಲ್ಲ. ಹಿಂದೆ ಜನ ನಿಂತಿದ್ದರು. ಇರಲಿ ಬಿಡಿ ಎಂದು ಬಂದುಬಿಟ್ಟೆ.

ಮಗಳು ಸೀರೆಯನ್ನು ಹೆಗಲ ಮೇಲೆ ಹಾಕಿ ಕನ್ನಡಿ ನೋಡುತ್ತಿದ್ದಳು. ಹೊಸ ಬಟ್ಟೆ ಸುಮ್ಮನೆ ಕೊಳೆಯುತ್ತಿದೆ, ಚೂಡಿದಾರ ಹೊಲಿಸುತ್ತೇನೆ ಎಂದಳು. ನಾನು ಅದನ್ನು ಮೆಲ್ಲಗೆ ಇಳಿಸಿಕೊಂಡು, ಬೇಡ, ಇದು ಒಬ್ಬಳು ಮದುಮಗಳದ್ದು ಎಂದೆ.

"ಹೌದಾ? ಮತ್ತೆ ಅವಳೆಂತ ತಕೊಂಡು ಹೋಗ್ಲಿಲ್ಲ?"

"ಅವಳಿಗೆ ಬೇರೆ ಕಡೆ ಮದುವೆ ಆಯ್ತು" ಎಂದೆ. ಹಳೆಯ ಮಡಿಕೆಯಲ್ಲೇ ಮಡಿಸಿ, ಹೊಸದಾಗಿ ನಾಲ್ಕು ನುಸಿಗುಳಿಗೆ ಹಾಕಿ, ಟ್ರಂಕು ಮುಚ್ಚಿದೆ.