ಉಗುರಿನ ಸುಣ್ಣ

ಸಾಂತಾ ಬ್ರಿಹಿದಾ ಸಕ್ಕರೆ ಮಿಲ್ಲಿನ ನಮ್ಮ ಬೇಸ್‌ಬಾಲ್ ತಂಡ ಆ ವರ್ಷ ಸಾಲಾಗಿ ಹನ್ನೊಂದು ಪಂದ್ಯ ಸೋತಿತ್ತು. ಹಳೆಯ ಮ್ಯಾನೇಜರ್ ಮುಖ ತೋರಿಸಲಾಗದೆ ತಂಗಿಯ ಊರಿಗೆ ಹೋಗಿಬಿಟ್ಟ. ಉಳಿದ ನಾಲ್ಕರಲ್ಲಿ ಒಂದು ಸೋತರೂ ಮೈದಾನ ಉತ್ತು ಕಬ್ಬು ಹಾಕಿಸುತ್ತೇವೆ ಎಂದರು ಮಿಲ್ಲಿನ ಯಜಮಾನರು. ಬರೀ ಬೆದರಿಕೆಯಲ್ಲ, ಟ್ರ್ಯಾಕ್ಟರು ಬಂದು ಬೇಲಿ ಪಕ್ಕ ನಿಂತೇಬಿಟ್ಟಿತ್ತು.

ಆಗ ಮ್ಯಾನೇಜರಾಗಿ ಬಂದವರು ಫ್ರೊಯ್ಲಾನ್ ಪೆಗೆರೊ, ಊರಿಗೆಲ್ಲ ಗೌರವದ 'ದೋನ್'. ಮೂವತ್ತು ವರ್ಷ ಕಬ್ಬಿನ ಗಾಡಿ ತೂಗಿದವರು. ಚಕ್ರ ನೆಲಕ್ಕೆ ಒತ್ತುವುದನ್ನು ನೋಡಿಯೇ ತೂಕ ಹೇಳುತ್ತಿದ್ದರು. ಹರೆಯದಲ್ಲಿ ನನ್ನಂತೆಯೇ ಕ್ಯಾಚರ್. ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು ಕೂತು ಮಂಡಿ ಹಾಳಾಗಿತ್ತು. ನಮ್ಮ ಹನ್ನೊಂದನೆಯ ಸೋಲನ್ನು ಈ ಮನುಷ್ಯ ನೋಡಿದ್ದು ಎದುರಾಳಿಗಳ ಬೆಂಚಿನ ಹಿಂದೆ ಕೂತು, ಕಡಲೆಕಾಯಿ ತಿನ್ನುತ್ತ! ನನಗೆ ಮೈಯೆಲ್ಲ ಉರಿದಿತ್ತು.

ಸೋಮವಾರ ಅವರು ಮಿಲ್ಲಿನಲ್ಲಿ ನಾನು ಸುಣ್ಣ ಕಲಸುವ ತೊಟ್ಟಿಯ ಹತ್ತಿರ ಬಂದರು.

"ಎಲಾದಿಯೊ, ಉಗುರಿಗೆ ಯಾಕೋ ಸುಣ್ಣ ಬಳ್ಕೊಳ್ತೀಯ?"

"ಸಂಜೆ ಹೊತ್ತು ನನ್ನ ಕರೀ ಬೆರಳು ಚೆಂಡು ಎಸೆಯೋ ನೆರೆಯೊಗೆ ಕಾಣ್ಬೇಕಲ್ಲ ದೋನ್. ಒಂದು ಬೆರಳಂದ್ರೆ ವೇಗದ ಎಸೆತ, ಎರಡಂದ್ರೆ ತಿರುವು."

"ನೆರೆಯೊಗೂ ಕಾಣುತ್ತೆ, ಅವರ ಬೆಂಚಿಗೂ ಕಾಣುತ್ತೆ. ತೊಡೆ ಕೆಳಗೆ ಕೈ ಇಳಿಬಿಡ್ತೀಯಲ್ಲೋ ಮಹಾರಾಯ! ನೀನು ಒಂದು ತೋರಿಸಿದ್ರೆ ಅವರದ್ದು ಒಂದು ಸಿಳ್ಳೆ, ಎರಡಕ್ಕೆ ಎರಡು. ಯಾವ ಎಸೆತ ಅಂತ ಅವರ ದಾಂಡಿಗನಿಗೆ ಮೊದಲೇ ಗೊತ್ತು."

ಹನ್ನೊಂದು ಸೋಲಿಗೂ ಊರು ದೂರಿದ್ದು ನೆರೆಯೊನ ತೋಳನ್ನು. ಜನರ ಚುಚ್ಚುಮಾತಿಗೆ ಅವನ ತಾಯಿ ನಲ್ಲಿಯ ಹತ್ತಿರ ಬರುವುದನ್ನೇ ಬಿಟ್ಟಿದ್ದರು.

"ಯಾರಿಗೂ ಹೇಳ್ಬೇಡಿ ದೋನ್."

"ನಾನು ಹೇಳಲ್ಲ. ಹೇಳೋನು ನೀನೇ."

ಕೈ ತೊಳೆದುಕೊಂಡೆ, ಎದುರಾಳಿಗಳಿಗೆ ಬೆರಳು ಕಾಣದ ಹಾಗೆ ಮಂಡಿ ಕೂಡಿಸಿ ಕೂತೆ. ಮೂರು ಪಂದ್ಯ ಗೆದ್ದೆವು. ನೆರೆಯೊನ ತೋಳು ಸರಿಹೋಯಿತು ಎಂದರು ಜನ. ನಾನು ಬಾಯಿ ಬಿಡಲಿಲ್ಲ, ಹೇಡಿ.

ನಾಲ್ಕನೆಯದು ಲಾ ಪಾಲ್ಮಾ ತಂಡದ ಮೇಲೆ. ಹನ್ನೊಂದನೆಯ ಸಲ ಸಿಳ್ಳೆ ಹಾಕಿ ನಮ್ಮನ್ನು ಸೋಲಿಸಿದ್ದ ಅವರು ಆ ವರ್ಷ ಸೋತೇ ಇರಲಿಲ್ಲ. ಕಡೇ ಇನ್ನಿಂಗ್ಸಿಗೆ ನಮಗೆ ಒಂದೇ ರನ್ನಿನ ಮುನ್ನಡೆ. ಬೆಳಕು ಇಳಿಯುತ್ತಿತ್ತು. ದೋನ್ ಫ್ರೊಯ್ಲಾನ್ ಸುಣ್ಣದ ಡಬ್ಬಿ ಮುಂದೆ ಹಿಡಿದರು.

"ಹಚ್ಕೋ. ಕೈನೂ ಹಳೇ ಥರ ಬಿಡು. ಈಗ ಬೆರಳು ಸುಳ್ಳು ಹೇಳ್ಲಿ: ಒಂದಕ್ಕೆ ತಿರುವು, ಎರಡಕ್ಕೆ ವೇಗ. ಹೋಗಿ ನೆರೆಯೊಗೆ ಹೇಳು. ಯಾಕೆ ಅಂತಲೂ ಹೇಳು."

"ಈಗಲಾ? ಸಿಟ್ಟಲ್ಲಿ ಅವನು ಆಟ ಕೆಡಿಸಿದ್ರೆ?"

"ಅವನ ಗೆಲುವು ಕಣೋ ಇದು. ಗೊತ್ತಿದ್ದೇ ಗೆಲ್ಲಲಿ."

ಹೇಳಿದೆ. ನೆರೆಯೊ ನನ್ನ ಉಗುರನ್ನೇ ನೋಡಿದ.

"ನಮ್ಮಮ್ಮನ್ನ ಆಡ್ಕೊಂಡಾಗ ನೀನೂ ನಗ್ತಿದ್ದೆ," ಅಂದು ಹೊರಟುಹೋದ.

ಅವನ ಮೊದಲ ಎಸೆತಗಳು ದಿಕ್ಕಾಪಾಲಾದವು. ಇಬ್ಬರು ಔಟಾಗುವಷ್ಟರಲ್ಲಿ ಎದುರಾಳಿಗಳಿಬ್ಬರು ಎರಡನೆಯ, ಮೂರನೆಯ ಬೇಸಿಗೆ ಬಂದು ನಿಂತಿದ್ದರು. ಒಂದು ಹೊಡೆತ ಬಿದ್ದರೆ ಮೈದಾನ ಹೋಯಿತು. ಬ್ಯಾಟು ಹಿಡಿದ ದಾಂಡಿಗನಿಗೆ ಎರಡು ಸ್ಟ್ರೈಕ್ ಆಗಿತ್ತು, ಇನ್ನೊಂದಾದರೆ ಅವನೂ ಔಟು, ಪಂದ್ಯ ನಮ್ಮದು. ನಾನು ಎರಡು ಬೆರಳು ತೋರಿಸಿದೆ. ಅವರ ಬೆಂಚಿನಿಂದ ಎರಡು ಸಿಳ್ಳೆ. ನೆರೆಯೊ ಆಗಲ್ಲವೆಂದು ತಲೆಯಾಡಿಸಿದ.

ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಬೆಂಚಿನ ಕಡೆ ನೋಡಿದೆ. ದೋನ್ ಫ್ರೊಯ್ಲಾನ್ ನನ್ನನ್ನು ನೋಡುತ್ತಿರಲಿಲ್ಲ. ಗಾಡಿಯ ಚಕ್ರ ನೋಡುವ ಹಾಗೆ, ನೆಲಕ್ಕೆ ಬಲವಾಗಿ ಒತ್ತಿದ್ದ ನೆರೆಯೊನ ಕಾಲನ್ನು ನೋಡುತ್ತಿದ್ದರು. ಆಮೇಲೆ ಸುಮ್ಮನೆ ಇನ್ನೊಂದು ಕಡಲೆಕಾಯಿ ಬಿಡಿಸಿದರು. ನಾನು ಮತ್ತೆ ಎರಡು ಬೆರಳು ತೋರಿಸಿದೆ.

ನೆರೆಯೊ ಎಸೆದ. ತಿರುವಿಗೆ ಕಾದಿದ್ದ ದಾಂಡಿಗ ಬ್ಯಾಟು ಬೀಸುವ ಮೊದಲೇ ಚೆಂಡು ನನ್ನ ಗ್ಲೌಸಿಗೆ ಬಡಿದಿತ್ತು.

ಜನ ಮೈದಾನಕ್ಕೆ ನುಗ್ಗಿದರು. ನೆರೆಯೊ ಯಾರ ಹೆಗಲನ್ನೂ ಏರದೆ ನೇರ ನನ್ನ ಹತ್ತಿರ ಬಂದ. ಕೈ ಹಿಡಿದೆಳೆದು, ತನ್ನ ಬೆವರಿದ ಅಂಗಿಗೆ ನನ್ನ ಉಗುರನ್ನು ಉರಿಯುವ ಹಾಗೆ ಉಜ್ಜಿ ಒರೆಸಿದ.

"ಹೋಗು. ನಮ್ಮಮ್ಮನಿಗೂ ನೀನೇ ಹೇಳು."

ಅಷ್ಟು ದಿನದ ಮೇಲೆ ಮೊದಲ ಸಲ ಪಂದ್ಯಕ್ಕೆ ಬಂದಿದ್ದ ಆ ತಾಯಿ ಮೂರನೆಯ ಸಾಲಿನಲ್ಲಿ ಕೂತಿದ್ದರು. ದೋನ್ ಫ್ರೊಯ್ಲಾನ್ ಆಗಲೇ ಕುಂಟುತ್ತ ಅಲ್ಲಿಗೆ ಹೋಗಿ, ಅವರ ಪಕ್ಕದವರನ್ನು ಎಬ್ಬಿಸಿ ನನಗೆ ಜಾಗ ಮಾಡಿಸುತ್ತಿದ್ದರು.