ಅರುಂಧತಿ ಕಾಣದ ಮೇ ತಿಂಗಳು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಪ್ರತಿ ತಿಂಗಳ ಮೊದಲ ವಾರ ಮಕ್ಕಳ ವಾಟ್ಸಾಪ್ ಗುಂಪಿಗೆ ‘ಈ ತಿಂಗಳ ಆಕಾಶ’ ಎಂದು ನಾಲ್ಕು ಸಾಲು ಕಳಿಸುವುದು ನನ್ನ ಹಳೆಯ ಚಟ. ರಜೆಯಲ್ಲೂ ಬಿಟ್ಟವಳಲ್ಲ. ಈ ಮೇ ತಿಂಗಳು ಬರೆದದ್ದು ಇಷ್ಟು: ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ಶುಕ್ರನನ್ನು ನೋಡಿ. ಎಂಟು ಗಂಟೆಗೆ ಉತ್ತರಕ್ಕೆ ತಿರುಗಿದರೆ ಸಪ್ತರ್ಷಿ ಮಂಡಲ. ಅದರ ಬಾಲದ ಮೂರರಲ್ಲಿ ನಡುವಿನ ನಕ್ಷತ್ರ ವಸಿಷ್ಠ, ಅದಕ್ಕೆ ಅಂಟಿಕೊಂಡಂತಿರುವ ಸಣ್ಣ ಚುಕ್ಕೆ ಅರುಂಧತಿ. ಕಂಡವರು ಕಂಡಿತು ಎಂದು ಬರೆಯಿರಿ. ಆ ಕೊನೆಯ ಸಾಲುಗಳನ್ನು ಯಾಕಾದರೂ ಬರೆದೆನೋ ಎಂದು ಆಮೇಲೆ ಹಣೆ ಚಚ್ಚಿಕೊಂಡಿದ್ದೇನೆ.

ನಮ್ಮದು ತುರುವೇಕೆರೆಯಿಂದ ಸ್ವಲ್ಪ ಒಳಗಿರುವ ತೋಟದ ಮನೆ. ಅಲ್ಲಿ ಆಕಾಶವೆಂದರೆ ತೆಂಗಿನ ಗರಿಗಳ ಸಂದಿಯಲ್ಲಿ ಕಂಡಷ್ಟೇ. ಸರಿಯಾಗಿ ನೋಡಬೇಕಾದರೆ ಕೆರೆ ಏರಿಗೆ ಹೋಗಬೇಕು. ಏಪ್ರಿಲ್‌ನಲ್ಲಿ ಕೊಬ್ಬರಿ ಅಟ್ಟದಿಂದ ಕಾಯಿ ಇಳಿಸುವಾಗ ನನ್ನ ಗಂಡನಿಗೆ ಎದೆ ಹಿಡಿದುಕೊಂಡಿತು. ಮೈಸೂರಿನ ಡಾಕ್ಟರು ಹೃದಯದ ಮೂರು ರಕ್ತನಾಳ ಕಟ್ಟಿವೆ, ತಿಂಗಳೊಳಗೆ ಆಪರೇಷನ್ ಆಗಲೇಬೇಕು ಎಂದರು. ಇವರೂ ಒಪ್ಪಿದರು, ದಿನವೂ ಗೊತ್ತಾಯಿತು. ಮನಸ್ಸು ಹಗುರಾಗಲಿ ಎಂದು ಒಂದು ಸಂಜೆ ನಾನೇ ಅವರನ್ನು ಏರಿಗೆ ಕರೆದುಕೊಂಡು ಹೋದೆ. ನನ್ನ ಬುದ್ಧಿಗಿಷ್ಟು!

“ಎಲ್ಲೇ ನಿನ್ನ ಅರುಂಧತಿ?” ಎಂದು ನಗುತ್ತಲೇ ಕೇಳಿದರು. ಬೆರಳು ಮಾಡಿ ತೋರಿಸಿದೆ. ಅವರಿಗೆ ವಸಿಷ್ಠ ಕಂಡ. ಅರುಂಧತಿ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡು ನೋಡಿದರು, ತೆಗೆದು ನೋಡಿದರು. ಮನೆಯಲ್ಲಿ ಮುದ್ದೆ ಮುರಿಯದೆ ಕೂತು ಹೇಳಿದರು:

“ಅಪ್ಪಂಗೂ ಹಿಂಗೇ ಕಾಣ್ಲಿಲ್ಲ ಕಣೇ. ಅರುಂಧತಿ ಕಾಣ್ದೋರು ಆರ್ ತಿಂಗ್ಳು ದಾಟಲ್ಲ ಅಂತಿದ್ರು ಹಳಬ್ರು. ಅಪ್ಪ ಐದೇ ತಿಂಗ್ಳಿಗೆ ಹೋದ್ರು. ಹೆಂಗೂ ಹೋಗೋನ್ ಎದೆ ಯಾಕ್ ಕುಯ್ಸದು? ಆಪರೇಷನ್ ಬ್ಯಾಡ, ಬುಡು.”

ಮೊದಲು ನಕ್ಕೆ. ಅವರು ನಗಲಿಲ್ಲ ಎಂದು ಕಂಡ ಮೇಲೆ ಕಾರಣ ಹುಡುಕಿದೆ. ಪಕ್ಕದ ತೋಟದವರು ಕರಟ ಸುಟ್ಟು ಇದ್ದಿಲು ಮಾಡುತ್ತಾರೆ, ಆ ಹೊಗೆ ಸಂಜೆ ಏರಿಯ ಮೇಲೇ ನಿಂತಿರುತ್ತದೆ ಎಂದೆ. ಕಣ್ಣಿಗೆ ಪೊರೆ ಬಂದಿರಬಹುದು ಎಂದೆ.

“ಹೊಗೇಲಿ ವಸಿಷ್ಠ ಕಾಣ್ತಾನೆ, ಅವ್ನ ಹೆಂಡ್ತಿ ಕಾಣಲ್ವಾ?”

ಮಂಕು ನಕ್ಷತ್ರ ಮೊದಲು ಅಳಿಸಿಹೋಗುತ್ತದೆ ಎಂದು ಪಾಠ ಮಾಡಿದೆ. ಬೈದೆ, ಊಟ ಬಿಟ್ಟೆ, ಕಾಲು ಹಿಡಿದೆ. ಎಲ್ಲದಕ್ಕೂ ಒಂದೇ ಉತ್ತರ, “ಬುಡು ಕಣೇ.” ಅದರ ಮೇಲೆ, ಒಂದು ಮಧ್ಯಾಹ್ನ ನನ್ನನ್ನು ಅಟ್ಟದ ಕೆಳಗೆ ಕೂರಿಸಿಕೊಂಡು ಕಾಯಿ ನೋಡುವುದನ್ನು ಹೇಳಿಕೊಡಲು ಶುರುಮಾಡಿದರು. “ಕಿವಿ ಹತ್ರ ಹಿಡ್ಕಂಡು ಅಲ್ಲಾಡ್ಸು. ನೀರ್ ಸದ್ದು ಬಂದ್ರೆ ಅಟ್ಟದಲ್ಲೇ ಇರ್ಲಿ. ಗಡಗಡ ಅಂದ್ರೆ ಒಣಗೈತೆ, ಒಡ್ಸು.” ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎಂದು ಹೊಳೆಯಿತು. ಕೈಯಲ್ಲಿದ್ದ ಕಾಯಿಯನ್ನು ಅಂಗಳಕ್ಕೆ ಎಸೆದು ಒಳಗೆ ಹೋಗಿ ಅತ್ತೆ. ಮೊಬೈಲಿನಲ್ಲಿ ಮಕ್ಕಳದು ಒಂದೊಂದೇ ಬರುತ್ತಿತ್ತು. ಕಂಡಿತು ಮಿಸ್. ನಮ್ಮಜ್ಜಿಗೂ ಕಂಡಿತು ಮಿಸ್.

ಆಪರೇಷನ್ನಿಗೆ ನಾಲ್ಕು ದಿನ ಉಳಿದಿದ್ದಾಗ ಜೋರು ಮಳೆ ಬಂದು ನಿಂತಿತು. ಇದ್ದಿಲಿನ ಗುಂಡಿಗಳೆಲ್ಲ ಆರಿಹೋದವು. ಆಕಾಶ ತೊಳೆದ ಹಾಗಿತ್ತು. ಹೆಚ್ಚುಕಡಿಮೆ ಎಳೆದುಕೊಂಡೇ ಅವರನ್ನು ಮತ್ತೆ ಏರಿಗೆ ಕರೆದೊಯ್ದೆ. ನನಗೆ ಅರುಂಧತಿ ವಸಿಷ್ಠನ ಪಕ್ಕದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಬಹಳ ಹೊತ್ತು ನೋಡಿ, ಆಗಲೂ ಕಾಣದೆ ತಲೆ ತಗ್ಗಿಸಿದರು.

ನಾನೂ ಅವರ ಹಾಗೇ ಕತ್ತೆತ್ತಿ ನೋಡಿದೆ. “ಇವತ್ತು ನಂಗೂ ಕಾಣ್ತಿಲ್ಲ ಕಣ್ರೀ,” ಎಂದುಬಿಟ್ಟೆ.

ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಮೂಢನಂಬಿಕೆ ಬೇಡ ಎಂದು ಪಾಠ ಮಾಡಿದ ಬಾಯಿ ಅದು. ಅವರು ನನ್ನ ಗಲ್ಲ ಹಿಡಿದು ಮುಖವನ್ನು ಉತ್ತರಕ್ಕೆ ತಿರುಗಿಸಿದರು.

“ಸರ್ಯಾಗ್ ನೋಡೇ! ಬಾಲದ್ ನಡೂಮಧ್ಯ!”

“ಇಲ್ಲ ಕಣ್ರೀ.”

ಒದ್ದೆ ಏರಿಯ ಮೇಲೇ ಕುಸಿದು ಕೂತರು. ಅವರು ಅಳುವುದನ್ನು ನಾನು ನೋಡಿರಲಿಲ್ಲ. “ನಿಂಗ್ಯಾಕೇ ಹಿಂಗಾಯ್ತು? ನಾಳೇನೇ ನಡಿ, ಮೈಸೂರಿಗೆ ಹೋಗಾನ. ದೊಡ್ಡ ಡಾಕ್ಟ್ರಿಗೆ ತೋರ್ಸಾನ.”

“ನಿಮ್ದು ಆಪರೇಷನ್ ಆಗೋಗಂಟ ನಾನು ಯಾರಿಗೂ ತೋರ್ಸಲ್ಲ,” ಎಂದೆ. ನನ್ನ ದನಿ ಅಷ್ಟು ಕಟುವಾಗಿ ಬಂದದ್ದಕ್ಕೆ ನನಗೇ ಹೇಸಿಗೆಯಾಯಿತು. “ಆಯ್ತು, ಬತ್ತೀನಿ ಬುಡು,” ಎಂದರು.

ಇವತ್ತು ಬೆಳಿಗ್ಗೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನರ್ಸಮ್ಮನ ಕೈ ಹಿಡಿದುಕೊಂಡು ಬೇಡಿದರು: “ನಂದು ನಿಧಾನ ಆಗ್ಲಿ ತಾಯಿ. ಮೊದ್ಲು ಇವ್ಳುನ್ನ ನೋಡಿ. ಇವ್ಳಿಗೆ ದಿನ ಕಮ್ಮಿ ಐತೆ.” ನರ್ಸಮ್ಮ ನನ್ನತ್ತ ನೋಡಿದಳು. ನನಗೇನೂ ಆಗಿಲ್ಲ, ನಾನು ಸುಳ್ಳು ಹೇಳಿದೆ ಎಂದು ಕೂಗಬೇಕೆನ್ನಿಸಿತು. ಕೂಗಿದ್ದರೆ ಸ್ಟ್ರೆಚರಿನಿಂದ ಇಳಿದು ನಡೆದುಬಿಡುತ್ತಿದ್ದರು. ಬಾಯಿ ಮುಚ್ಚಿಕೊಂಡು ಹೌದೆನ್ನುವಂತೆ ತಲೆ ಅಲ್ಲಾಡಿಸಿದೆ. ಬಾಗಿಲು ಹಾಕಿಕೊಳ್ಳುವವರೆಗೂ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿದ್ದರು, ಸಾಯುವವಳನ್ನು ನೋಡುವ ಹಾಗೆ.

ಅವರು ಒಳಗೆ ಹೋದಾಗ ಏಳು ಗಂಟೆ. ಈಗ ಒಂದೂವರೆ. ಇನ್ನೂ ಯಾರೂ ಹೊರಗೆ ಬಂದಿಲ್ಲ.